ಆಡಿದ್ದು 452, ಆಡಬಹುದಾಗಿದ್ದು 883: ಎಂಬೀಡ್ ವಾದಕ್ಕೆ ಯಾವ ಲೆಕ್ಕ ಹಿಡಿಯಬೇಕು?

ಓದುಗರ ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ, ತಮ್ಮ ನ್ಯೂಜೆರ್ಸಿಯಲ್ಲಿ. ಅವನು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡದ ಕಟ್ಟಾ ಅಭಿಮಾನಿ. ನಾನೂ ಬೆಳಗ್ಗೆ ಐದೂವರೆಗೆ ಎದ್ದು ಅವರ ಪಂದ್ಯ ನೋಡುವವನೇ. ಆದರೆ ಆ ತಂಡದ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ಜೋಯೆಲ್ ಎಂಬೀಡ್ ಮಾತು ಬಂದರೆ ಇಬ್ಬರಿಗೂ ಜಗಳ. ಎಂಬೀಡ್ ಗಾಜಿನ ಗೊಂಬೆ, ಮೈ ಕಾಪಾಡಿಕೊಳ್ಳುವ ಶಿಸ್ತಿಲ್ಲ, 2023ರ ಎಂವಿಪಿ (ಋತುವಿನ ಅತ್ಯಂತ ಮೌಲ್ಯಯುತ ಆಟಗಾರ) ಪ್ರಶಸ್ತಿ ಡೆನ್ವರ್ ತಂಡದ ನಿಕೊಲಾ ಯೋಕಿಚ್‌ಗೆ ಸಲ್ಲಬೇಕಿತ್ತು ಎನ್ನುವುದು ನನ್ನ ವಾದ. ಆಡಿದ ದಿನ ಅವನಂಥ ಸೆಂಟರ್ ಇನ್ನೊಬ್ಬನಿಲ್ಲ, 65 ಪಂದ್ಯಗಳ ನಿಯಮವೇ 2024ರಲ್ಲಿ ಅವನ ಮಂಡಿ ಮುರಿಯಿತು ಅನ್ನುವುದು ತಮ್ಮನ ವಾದ. ಅಷ್ಟು ದೊಡ್ಡ ಒಪ್ಪಂದ ಕೊಟ್ಟದ್ದು ತಪ್ಪೋ ಸರಿಯೋ ಅನ್ನುವುದೂ ಇತ್ಯರ್ಥವಾಗಿಲ್ಲ. ಇನ್ನೊಂದು ವಿಷಯ: ನನ್ನ 16 ವರ್ಷದ ಮಗಳು ಸೆಂಟರ್ ಆಡುತ್ತಾಳೆ. ಮೂರು ವಾರದಿಂದ ಪಾದದ ಮೇಲ್ಭಾಗ ನೋಯುತ್ತಿದೆ ಅನ್ನುತ್ತಾಳೆ. ಎಂಬೀಡ್‌ಗೆ ಶುರುವಾದದ್ದೂ ಪಾದದಿಂದಲೇ ಎಂದು ಓದಿ ಗಾಬರಿಯಾಗಿದೆ.

ಉತ್ತರ: ನಿಮ್ಮ ಪತ್ರದಲ್ಲಿ ತುರ್ತಾದದ್ದು ಕೊನೆಯ ಎರಡು ಸಾಲು. ಈ ಉತ್ತರ ಓದಿ ಮುಗಿಸುವ ಮೊದಲೇ ಮಗಳಿಗೆ ಒಂದು ಮಾತು ಹೇಳಿ: ವೈದ್ಯರು ನೋಡುವವರೆಗೆ ಓಟ ಬೇಡ, ಜಿಗಿತ ಬೇಡ. ಯಾಕೆಂದು ಕೊನೆಯಲ್ಲಿ ವಿವರವಾಗಿ ಬರೆದಿದ್ದೇನೆ. ಎಂಬೀಡ್ ಕತೆಯನ್ನು ಮೊದಲು ತಿಳಿದುಕೊಂಡರೆ ಅದು ಸುಲಭವಾಗಿ ಅರ್ಥವಾಗುತ್ತದೆ.

ನಿಮ್ಮಿಬ್ಬರ ಜಗಳ ಮುಗಿಯದಿರುವುದಕ್ಕೆ ಕಾರಣ, ನೀವಿಬ್ಬರೂ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟಿರುವುದು. ಅಂಕಣದಲ್ಲಿ ಇದ್ದಷ್ಟು ಹೊತ್ತು ಆಟಗಾರ ಎಷ್ಟು ಒಳ್ಳೆಯವನು? ಎಷ್ಟು ಹೊತ್ತು ಇರುತ್ತಾನೆ? ಬೇಕಾದ ಹೊತ್ತಿಗೆ, ಅಂದರೆ ಏಪ್ರಿಲ್-ಮೇ ತಿಂಗಳ ಪ್ಲೇಆಫ್ (ಲೀಗ್ ಹಂತದ ನಂತರ ಕಪ್‌ಗಾಗಿ ನಡೆಯುವ ಸುತ್ತುಗಳು) ಹೊತ್ತಿಗೆ, ಯಾವ ಸ್ಥಿತಿಯಲ್ಲಿರುತ್ತಾನೆ? ಎಂಬೀಡ್ ವಿಷಯದಲ್ಲಿ ಮೊದಲನೆಯದಕ್ಕೆ ಉತ್ತರ ಬಹಳ ದೊಡ್ಡದು, ಎರಡನೆಯದಕ್ಕೆ ಬಹಳ ಚಿಕ್ಕದು, ಮೂರನೆಯದು ನೋವಿನದು. ಪ್ರಶಸ್ತಿ ಒಂದು ಪ್ರಶ್ನೆಯನ್ನು ಹೆಚ್ಚು ತೂಗುತ್ತದೆ, ಒಪ್ಪಂದ ಇನ್ನೊಂದನ್ನು. ಹಾಗಾಗಿ ಎಲ್ಲಕ್ಕೂ ಒಂದೇ ತೀರ್ಪು ಹೊಂದುವುದಿಲ್ಲ.

ಮೊದಲು ಲೆಕ್ಕ. ಇಲ್ಲಿನ ಅಂಕಿಗಳೆಲ್ಲ 2024–25ರ ಋತುವಿನ ಕೊನೆಯವರೆಗಿನವು. 2014ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಮೂರನೆಯವರಾಗಿ ಆಯ್ಕೆಯಾದ ಎಂಬೀಡ್ ಮೊದಲ ಎರಡು ಋತು ಒಂದು ಪಂದ್ಯವನ್ನೂ ಆಡಲಿಲ್ಲ. ಆಮೇಲಿನ ಒಂಬತ್ತು ಋತುಗಳಲ್ಲಿ ಆಡಿದ್ದು ಕ್ರಮವಾಗಿ 31, 63, 64, 51, 51, 68, 66, 39, 19. ಒಟ್ಟು 452. ಆ ಹನ್ನೊಂದು ಋತುಗಳಲ್ಲಿ ತಂಡ ಆಡಿದ ಲೀಗ್ ಪಂದ್ಯಗಳು 883 (ಕೋವಿಡ್‌ನಿಂದಾಗಿ ಎರಡು ಋತು ಮೊಟಕಾಗಿದ್ದವು, ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ). ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಅದೇ ಡ್ರಾಫ್ಟ್‌ನಲ್ಲಿ 41ನೆಯವರಾಗಿ ಆಯ್ಕೆಯಾದ ಯೋಕಿಚ್ ಒಂದು ವರ್ಷ ತಡವಾಗಿ ಬಂದೂ 745 ಪಂದ್ಯ ಆಡಿದ್ದರು. 293 ಪಂದ್ಯಗಳ ಈ ಅಂತರವನ್ನು ಯಾವ ಅಭಿಮಾನವೂ ಮುಚ್ಚಲಾರದು. ನಿಮ್ಮ ತಮ್ಮ ಇದನ್ನು ಒಪ್ಪಿಕೊಳ್ಳಬೇಕು.

ನೀವು ಒಪ್ಪಿಕೊಳ್ಳಬೇಕಾದದ್ದೂ ಇದೆ. "ಗಾಜಿನ ಗೊಂಬೆ" ಅನ್ನುವ ಮಾತು ಎಲ್ಲ ಗಾಯಗಳನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ನಾವು ಆಟಗಾರರ ಗಾಯಗಳನ್ನು ನೋಡುವಾಗ ಮೊದಲು ಮಾಡುವ ಕೆಲಸವೇ ಅವನ್ನು ಬೇರ್ಪಡಿಸುವುದು: ಇನ್ನೊಬ್ಬರ ಮೈ ಬಡಿದು ಆದದ್ದು ಒಂದು ಬಗೆ, ಹೊರೆ ತಾಳದೆ ಒಳಗಿಂದ ಸವೆದು ಆದದ್ದು ಇನ್ನೊಂದು ಬಗೆ. 2018ರ ಮಾರ್ಚ್‌ನಲ್ಲಿ ಸಹ ಆಟಗಾರ ಮಾರ್ಕೆಲ್ ಫುಲ್ಟ್ಸ್ ಜೊತೆ ಡಿಕ್ಕಿಯಾಗಿ ಕಣ್ಣಿನ ಸುತ್ತಲ ಮೂಳೆ ಮುರಿಯಿತು. 2022ರ ಪ್ಲೇಆಫ್‌ನಲ್ಲಿ ಟೊರಾಂಟೊ ವಿರುದ್ಧ ಮೊಣಕೈ ತಗುಲಿ ಇನ್ನೊಂದು ಕಣ್ಣಿನ ಮೂಳೆ ಮುರಿಯಿತು. 2020ರಲ್ಲಿ ಬೆರಳಿನ ಲಿಗಮೆಂಟ್ ಹರಿಯಿತು. 2024ರಲ್ಲಿ ಮುಖದ ನರ ದುರ್ಬಲವಾಗುವ ಬೆಲ್ಸ್ ಪಾಲ್ಸಿ ಬಂತು. ಮೈ ಕಾಪಾಡಿಕೊಳ್ಳುವ ಶಿಸ್ತು ಎಷ್ಟಿದ್ದರೂ ಇವನ್ನು ತಡೆಯಲಾಗುತ್ತಿರಲಿಲ್ಲ. ಇವು ದುರದೃಷ್ಟದ ಖಾತೆಗೆ ಹೋಗಬೇಕು.

ಸವೆತದ ಖಾತೆ ಬೇರೆ: 2014ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿದ್ದಾಗ ಬೆನ್ನುಮೂಳೆಯ ಸ್ಟ್ರೆಸ್ ಫ್ರಾಕ್ಚರ್ (ಪದೇಪದೇ ಬೀಳುವ ಹೊರೆಯಿಂದಾಗುವ ಬಿರುಕು), ಅದೇ ವರ್ಷ ಬಲಪಾದದ ನ್ಯಾವಿಕ್ಯುಲರ್ ಮೂಳೆಯ ಸ್ಟ್ರೆಸ್ ಫ್ರಾಕ್ಚರ್, 2015ರಲ್ಲಿ ಅದೇ ಮೂಳೆಗೆ ಎರಡನೇ ಶಸ್ತ್ರಚಿಕಿತ್ಸೆ. ಮುಂದೆ ತೊಂದರೆ ಮಂಡಿಗೆ ಏರಿತು. ಎಡ ಮಂಡಿಗೆ 2017, 2024, 2025ರಲ್ಲಿ ಮೂರು ಬಾರಿ ಶಸ್ತ್ರಚಿಕಿತ್ಸೆಯಾಗಿದೆ. 2021ರ ಪ್ಲೇಆಫ್‌ನಲ್ಲಿ ಬಲ ಮಂಡಿಯೊಳಗಿನ ಮೆತ್ತೆ, ಅಂದರೆ ಮೆನಿಸ್ಕಸ್ಸೂ ಸೀಳಿತ್ತು. ಚಿಂತೆಯ ಪಟ್ಟಿ ಇದು.

ನ್ಯಾವಿಕ್ಯುಲರ್ ಎನ್ನುವುದು ಪಾದದ ಕಮಾನಿನ ನಡುಗಲ್ಲು. ಕಲ್ಲಿನ ಕಮಾನಿನಲ್ಲಿ ಎರಡೂ ಕಡೆಯ ಭಾರ ನಡುವಿನ ಕಲ್ಲಿನ ಮೇಲೆ ಒತ್ತುವ ಹಾಗೆ, ಓಡಿ ನೆಗೆಯುವಾಗ ಹಿಮ್ಮಡಿಯ ಕಡೆಯ ಮತ್ತು ಬೆರಳುಗಳ ಕಡೆಯ ಮೂಳೆಗಳು ಇದನ್ನು ನಡುವೆ ಹಿಂಡುತ್ತವೆ. ತೊಂದರೆ ಏನೆಂದರೆ, ಈ ಮೂಳೆಯ ನಡುಭಾಗಕ್ಕೆ ರಕ್ತದ ಪೂರೈಕೆ ತೀರಾ ಕಡಿಮೆ. ಬಿರುಕು ಬೀಳುವುದೂ ಅಲ್ಲೇ. ರಕ್ತ ಕಡಿಮೆಯಾದ ಕಡೆ ಮೂಳೆ ಕೂಡಿಕೊಳ್ಳುವುದು ನಿಧಾನ, ಕೆಲವೊಮ್ಮೆ ಕೂಡಿಕೊಳ್ಳುವುದೇ ಇಲ್ಲ. ಹೀಗಾಗಿಯೇ ಸ್ಕ್ರೂ ಹಾಕುತ್ತಾರೆ, ಬೇಕಾದರೆ ಬೇರೆಡೆಯಿಂದ ಮೂಳೆಯ ತುಣುಕು ತಂದು ಕೂರಿಸುತ್ತಾರೆ, ವಾರಗಟ್ಟಲೆ ಆ ಕಾಲಿಗೆ ಭಾರ ಬೀಳದಂತೆ ನೋಡಿಕೊಳ್ಳುತ್ತಾರೆ.

ಎತ್ತರದ ಆಟಗಾರರ ಇತಿಹಾಸದಲ್ಲಿ ಈ ಮೂಳೆಗೆ ಕೆಟ್ಟ ಹೆಸರಿದೆ. 1978ರಲ್ಲಿ ಎಂವಿಪಿ ಆದ ಬಿಲ್ ವಾಲ್ಟನ್ ಅದೇ ವರ್ಷ ಈ ಮೂಳೆ ಮುರಿದುಕೊಂಡರು. ಅವರ ಇಡೀ ವೃತ್ತಿಜೀವನದಲ್ಲಿ ಆಡಲಾದದ್ದು 468 ಪಂದ್ಯ. ಚೀನಾದ ಯಾವೊ ಮಿಂಗ್ 486 ಪಂದ್ಯಗಳಿಗೇ ಮುಗಿಸಿ 2011ರಲ್ಲಿ ನಿವೃತ್ತರಾದರು. ಆದರೆ ಕ್ಲೀವ್‌ಲ್ಯಾಂಡ್‌ನ ಜಿದ್ರೂನಸ್ ಇಲ್ಗೌಸ್ಕಸ್ ಪಾದದ ಸಾಲು ಸಾಲು ಮುರಿತಗಳಿಂದ ಎರಡು ಇಡೀ ಋತು ಕಳೆದುಕೊಂಡೂ, ಶಸ್ತ್ರಚಿಕಿತ್ಸೆಯ ನಂತರ ಹತ್ತಿರ ಹತ್ತಿರ ಒಂದು ದಶಕ ಆಡಿ ಒಟ್ಟು 843 ಪಂದ್ಯ ಮುಟ್ಟಿದರು. ಒಂದೇ ಮೂಳೆ, ಬೇರೆ ಬೇರೆ ಹಣೆಬರಹ. "ಪಾದ ಮುರಿದ ಸೆಂಟರ್ ಕತೆ ಮುಗಿಯಿತು" ಅನ್ನುವುದು ನಿಜವಲ್ಲ. ಎಂಬೀಡ್‌ರ ಪಾದವೂ 2016ರ ನಂತರ ದೊಡ್ಡ ತೊಂದರೆ ಕೊಟ್ಟಿಲ್ಲ. ಆ ಎರಡು ಶಸ್ತ್ರಚಿಕಿತ್ಸೆ ಮತ್ತು ಎರಡು ವರ್ಷದ ಕಾಯುವಿಕೆಗೆ ಫಲ ಸಿಕ್ಕಿತು ಎಂದೇ ನಾನು ಹೇಳುತ್ತೇನೆ. ಅಭಿಮಾನಿಗಳು ವ್ಯರ್ಥವಾಯಿತೆಂದು ಕೊರಗುವ ಆ ಎರಡು ವರ್ಷವೇ ಮುಂದಿನ ಆಟಕ್ಕೆ ತಳಪಾಯವಾಯಿತು.

ಮಂಡಿಯ ವಿಷಯ ಹಾಗಲ್ಲ. ತೊಡೆಮೂಳೆ ಮತ್ತು ಮಂಡಿಯ ಕೆಳಗಿನ ಕಾಲಿನ ಮೂಳೆಯ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಅವೇ ಮೆನಿಸ್ಕಸ್. ಇದರ ಹೊರ ಅಂಚಿಗೆ ಮಾತ್ರ ರಕ್ತ ಹರಿಯುತ್ತದೆ, ಒಳಭಾಗಕ್ಕೆ ಇಲ್ಲ. ಹೊರ ಅಂಚಿನಲ್ಲಿ ಸೀಳಿದರೆ ಹೊಲಿಗೆ ಹಾಕಬಹುದು, ಆದರೆ ಆಟಕ್ಕೆ ಮರಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ಒಳಭಾಗದಲ್ಲಿ ಸೀಳಿದರೆ ಹರಿದ ತುಣುಕನ್ನು ಕತ್ತರಿಸಿ ತೆಗೆಯುವುದೇ ರೂಢಿ. ಕೆಲವೇ ವಾರಗಳಲ್ಲಿ ಆಟಗಾರ ಮರಳುತ್ತಾನೆ, ಎಲ್ಲರಿಗೂ ಖುಷಿ. ಆದರೆ ತೆಗೆದ ಮೆತ್ತೆ ಮತ್ತೆ ಬೆಳೆಯುವುದಿಲ್ಲ. ಅಲ್ಲಿಂದಾಚೆ ಪ್ರತಿ ಜಿಗಿತದ ಭಾರವೂ ಚಿಕ್ಕ ಜಾಗದ ಮೇಲೆ ಬಿದ್ದು ಮೂಳೆಯ ತುದಿಯ ಮೃದ್ವಸ್ಥಿ ಸವೆಯುತ್ತದೆ. 2024ರಲ್ಲಿ ಎಂಬೀಡ್‌ಗೆ ತೊಂದರೆಯಾದದ್ದು ಹೊರಬದಿಯ ಮೆನಿಸ್ಕಸ್‌ಗೆ. ಮಂಡಿಯ ಹೊರಬದಿಯಲ್ಲಿ ಕೆಳಗಿನ ಮೂಳೆಯ ಮೇಲ್ಮೈ ಬಟ್ಟಲಿನಂತಿಲ್ಲ, ಉಬ್ಬಿದೆ. ಉಬ್ಬಿನ ಮೇಲೆ ಉಬ್ಬು ಕೂರಬೇಕಾದ್ದರಿಂದ ಅಲ್ಲಿ ಆ ಮೆತ್ತೆಯನ್ನು ಕಳೆದುಕೊಂಡರೆ ಒಳಬದಿಗಿಂತ ಹೆಚ್ಚು ಬೇಗ ಸವೆತ ಬರುತ್ತದೆ.

ಇದರ ಮೇಲೆ ತೂಕ. ಏಳಡಿ ಎತ್ತರ, ಸುಮಾರು 127 ಕಿಲೋ. ಸುಮ್ಮನೆ ನಡೆಯುವಾಗಲೇ ಮಂಡಿಯ ಮೇಲೆ ಮೈತೂಕದ ಎರಡು-ಮೂರು ಪಟ್ಟು ಬಲ ಬೀಳುತ್ತದೆ, ಅಂದರೆ ಅವರ ಮಟ್ಟಿಗೆ 250 ಕಿಲೋಗೂ ಮೇಲೆ. ರಿಬೌಂಡ್‌ಗೆ (ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯಲು) ಹಾರಿ ಒಂದೇ ಕಾಲಲ್ಲಿ ಇಳಿದಾಗ ಇನ್ನೂ ಹೆಚ್ಚು. ತೂಕ ಇಳಿಸಲಿ ಎನ್ನುವುದು ಸುಲಭದ ಸಲಹೆ. ಒಂದಿಷ್ಟು ಕಿಲೋ ಇಳಿದರೆ ಮಂಡಿಗೆ ಒಳ್ಳೆಯದೇ. ಆದರೆ ಬುಟ್ಟಿಯ ಕೆಳಗೆ ಎದುರಾಳಿಯನ್ನು ಬೆನ್ನಿನಿಂದ ತಳ್ಳಿ ಜಾಗ ಮಾಡಿಕೊಳ್ಳುವುದೇ ಅವರ ಆಟದ ಬೇರು. ಆ ತೂಕವೇ ಅವರ ಅಸ್ತ್ರವೂ ಹೌದು. ಅವರು ಪದೇಪದೇ ನೆಲಕ್ಕೆ ಬೀಳುವುದನ್ನು ನೋಡಿ ನಾಟಕ ಎಂದು ನಗುವವರಿದ್ದಾರೆ. ಫೌಲ್ ಗಿಟ್ಟಿಸಲು ಬಿದ್ದದ್ದೂ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಸಮತೋಲ ತಪ್ಪಿ ಇಳಿಯುವಾಗ ಕಾಲು ಗಟ್ಟಿಯಾಗಿ ಊರಿ ನಿಲ್ಲಲು ಹೆಣಗುವುದಕ್ಕಿಂತ ಉರುಳಿ ಬೀಳುವುದು ಮಂಡಿಗೆ ಸುರಕ್ಷಿತ. ಆ ಬಲ ಒಂದು ಕೀಲಿನ ಬದಲು ಇಡೀ ಮೈಗೆ ಹಂಚಿಹೋಗುತ್ತದೆ.

ಹೀಗೆ ಸವೆದ ಮಂಡಿಯನ್ನು ನಾವು ಅಳೆಯುವುದು ನೋವಿನಿಂದಲ್ಲ, ಊತದಿಂದ. ಮೃದ್ವಸ್ಥಿಗೆ ನರಗಳಿಲ್ಲ, ಅದು ಸವೆಯುವಾಗ ಕೂಗಿ ಹೇಳುವುದಿಲ್ಲ. ಆದರೆ ಕೀಲಿನೊಳಗೆ ನೀರು ತುಂಬುತ್ತದೆ. ಬರೀ 20–30 ಮಿಲಿಲೀಟರ್ ತುಂಬಿದರೂ ತೊಡೆಯ ಮುಂಭಾಗದ ಸ್ನಾಯು ತಾನಾಗಿ ಸೋಲಲು ಶುರುವಾಗುತ್ತದೆ. ಸ್ನಾಯು ಸೋತರೆ ಇಳಿಯುವಾಗಿನ ಬಲ ನೇರ ಕೀಲಿಗೆ, ಅದರಿಂದ ಮತ್ತಷ್ಟು ಊತ. ಈ ಸುಳಿಗೆ ಸಿಕ್ಕ ಆಟಗಾರ ಮಂಗಳವಾರ 40 ಅಂಕ ಹೊಡೆದು ಗುರುವಾರ ಬೆಂಚಿನ ಮೇಲೆ ಕೂರುತ್ತಾನೆ. ನೋಡುವವರಿಗೆ ಅದು ಸೋಮಾರಿತನದಂತೆ ಕಾಣುತ್ತದೆ. ಪಂದ್ಯ ಮುಗಿದು 24ರಿಂದ 48 ಗಂಟೆಯೊಳಗೆ ಊತ ಇಳಿಯದಿದ್ದರೆ ಮುಂದಿನ ಪಂದ್ಯ ಆಡಿಸಬಾರದು ಎನ್ನುವುದು ಯಾವ ಮಟ್ಟದ ಆಟಗಾರನಿಗೂ ಅನ್ವಯಿಸುವ ಮಾತು.

ಇನ್ನು ನಿಮ್ಮ ತಮ್ಮನ 65 ಪಂದ್ಯಗಳ ವಾದ. 2023–24ರಿಂದ ಬಂದ ನಿಯಮ ಇದು. ಎಂವಿಪಿ, ವರ್ಷದ ರಕ್ಷಣಾ ಆಟಗಾರ, ಹೆಚ್ಚು ಸುಧಾರಿಸಿದ ಆಟಗಾರ, ಆಲ್-ಎನ್‌ಬಿಎ (ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿ) ಮತ್ತು ರಕ್ಷಣಾ ತಂಡಗಳ ಗೌರವಕ್ಕೆ ಕನಿಷ್ಠ 65 ಪಂದ್ಯ ಆಡಿರಬೇಕು. ಒಂದು ಪಂದ್ಯ ಲೆಕ್ಕಕ್ಕೆ ಬರಲು 20 ನಿಮಿಷ ಅಂಕಣದಲ್ಲಿರಬೇಕು, 15ರಿಂದ 20 ನಿಮಿಷ ಆಡಿದ ಪಂದ್ಯಗಳಲ್ಲಿ ಎರಡಕ್ಕೆ ಮಾತ್ರ ವಿನಾಯಿತಿ. ಅಂದರೆ 82ರಲ್ಲಿ 17 ತಪ್ಪಿಸಬಹುದು, 18ನೆಯದಕ್ಕೆ ಬಾಗಿಲು ಮುಚ್ಚಿತು. 2024ರ ಜನವರಿ 22ರಂದು ಎಂಬೀಡ್ ಸ್ಯಾನ್ ಆಂಟೋನಿಯೋ ವಿರುದ್ಧ 70 ಅಂಕ ಹೊಡೆದರು. 27ಕ್ಕೆ ಡೆನ್ವರ್ ವಿರುದ್ಧ ಮತ್ತು 29ಕ್ಕೆ ಪೋರ್ಟ್‌ಲ್ಯಾಂಡ್ ವಿರುದ್ಧ ಎಡ ಮಂಡಿ ನೋವಿನಿಂದ ಹೊರಗುಳಿದರು. 30ಕ್ಕೆ ಗೋಲ್ಡನ್ ಸ್ಟೇಟ್ ವಿರುದ್ಧ ಆಡಿದರು. ಕೊನೆಯ ಭಾಗದಲ್ಲಿ ಚೆಂಡಿಗಾಗಿ ನಡೆದ ಎಳೆದಾಟದಲ್ಲಿ ಜೊನಾಥನ್ ಕುಮಿಂಗ ಅವರ ಎಡಗಾಲಿನ ಮೇಲೆ ಬಿದ್ದರು.

ನಿಯಮವೇ ಮಂಡಿ ಮುರಿಯಿತು ಅನ್ನುವುದು ಮಿತಿ ಮೀರಿದ ಮಾತು. ಇನ್ನೊಬ್ಬರ ಮೈ ಮೇಲೆ ಬಿದ್ದರೆ ಆರೋಗ್ಯವಂತ ಮಂಡಿಯೂ ಸೀಳುತ್ತದೆ. ಆದರೆ ನಿಯಮಕ್ಕೂ ಆ ಸಂಜೆಗೂ ಸಂಬಂಧವೇ ಇಲ್ಲ ಅನ್ನಲೂ ನಾನು ಸಿದ್ಧನಿಲ್ಲ. ಊದಿದ ಮಂಡಿಯೊಂದಿಗೆ ಹೊರಗುಳಿದ ಆಟಗಾರನನ್ನು ಯಾವ ದಿನ ಮರಳಿಸಬೇಕು ಎಂಬ ನಿರ್ಧಾರದಲ್ಲಿ ಪಂದ್ಯಗಳ ಎಣಿಕೆ ಸೇರಿಕೊಳ್ಳಬಾರದು. ಈ ನಿಯಮ ಅದನ್ನು ಸೇರಿಸಿದೆ. ಆಲ್-ಎನ್‌ಬಿಎ ಗೌರವಕ್ಕೆ ಕೆಲವು ಯುವ ಆಟಗಾರರ ಒಪ್ಪಂದದ ಗಾತ್ರವನ್ನೂ ಕಟ್ಟಿಹಾಕಿರುವುದರಿಂದ ಕೋಟಿಗಟ್ಟಲೆ ಡಾಲರ್ ಒಂದು ಪಂದ್ಯದ ಮೇಲೆ ನಿಂತಿರಬಹುದು. ನನ್ನ ಮಟ್ಟಿಗೆ ನಿಯಮದ ಉದ್ದೇಶ ಸರಿ, ರೂಪ ತಪ್ಪು. ಪಂದ್ಯಗಳ ಬದಲು ಆಡಿದ ಒಟ್ಟು ನಿಮಿಷಗಳನ್ನು ಎಣಿಸಿದ್ದರೆ ಈ ಅಂಚಿನ ಒತ್ತಡ ಎಷ್ಟೋ ತಗ್ಗುತ್ತಿತ್ತು.

ಇದೇ ನಿಯಮವನ್ನು ಹಿಂದಕ್ಕೆ ಎಳೆದು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಎಂಬೀಡ್ ಆಡಿದ ಒಂಬತ್ತು ಋತುಗಳಲ್ಲಿ 65 ದಾಟಿದ್ದು ಎರಡೇ ಎರಡು, 68 ಮತ್ತು 66. ಅವುಗಳಲ್ಲಿ ಒಂದರಲ್ಲಿ ಎಂವಿಪಿ ಆದರು, ಇನ್ನೊಂದರಲ್ಲಿ ಎರಡನೆಯವರಾದರು. 63 ಮತ್ತು 64 ಪಂದ್ಯ ಆಡಿದ ಋತುಗಳಲ್ಲಿ ಅವರಿಗೆ ಸಿಕ್ಕ ಆಲ್-ಎನ್‌ಬಿಎ ಗೌರವ ಇಂದಿನ ನಿಯಮದಲ್ಲಿ ಕೈತಪ್ಪುತ್ತಿತ್ತು. 1978ರಲ್ಲಿ ವಾಲ್ಟನ್ 58 ಪಂದ್ಯ ಆಡಿ ಎಂವಿಪಿ ಆದದ್ದಂತೂ ಈಗ ಆಗದ ಮಾತು.

ಪಂದ್ಯಗಳ ಅಂತರವನ್ನು ತೂಗುವುದು ಹೇಗೆ? ವಿಶ್ಲೇಷಕರ ವಿಧಾನ ಸರಳ. ಬೆಂಚಿನ ಕೊನೆಯಿಂದ ಸುಲಭಕ್ಕೆ ಸಿಗುವ ಆಟಗಾರನನ್ನು ಶೂನ್ಯ ರೇಖೆಯಾಗಿ ಇಟ್ಟುಕೊಳ್ಳುತ್ತಾರೆ. ಅಂಥವನು ಸರಾಸರಿ ಆಟಗಾರನಿಗಿಂತ ಸುಮಾರು 2 ಅಂಕ ಕೆಳಗೆ ಎಂದು ಹಿಡಿಯುವುದು ವಾಡಿಕೆ. ಒಬ್ಬ ಆಟಗಾರ ಸರಾಸರಿಗಿಂತ 10 ಅಂಕ ಮೇಲಿದ್ದು 40 ಪಂದ್ಯ ಆಡಿದ ಅಂದುಕೊಳ್ಳಿ: ಶೂನ್ಯ ರೇಖೆಗಿಂತ ಅವನು 12 ಮೇಲೆ, ಅದನ್ನು 40ರಿಂದ ಗುಣಿಸಿದರೆ 480. ಇನ್ನೊಬ್ಬ 6 ಅಂಕ ಮಾತ್ರ ಮೇಲಿದ್ದು 75 ಪಂದ್ಯ ಆಡಿದ: 8ನ್ನು 75ರಿಂದ ಗುಣಿಸಿದರೆ 600. ಲೀಗ್ ಹಂತದಲ್ಲಿ ಎರಡನೆಯವನೇ ಹೆಚ್ಚು ಬೆಲೆ ತಂದ. ಆದರೆ ಇಬ್ಬರೂ ಪ್ಲೇಆಫ್‌ಗೆ ಸದೃಢವಾಗಿ ಬಂದರೆ ನನಗೆ ಮೊದಲನೆಯವನೇ ಬೇಕು. ಈ ಕಾರಣಕ್ಕೇ ಪ್ರಶಸ್ತಿಗೂ ತಂಡ ಕಟ್ಟುವುದಕ್ಕೂ ಒಂದೇ ತಕ್ಕಡಿ ಆಗದು.

ಇದನ್ನು ಇಟ್ಟುಕೊಂಡು ಎಂವಿಪಿ ಮತದಾನಕ್ಕೆ ಬನ್ನಿ. 100 ಮಂದಿ ಪತ್ರಕರ್ತರು ಮತ್ತು ಪ್ರಸಾರಕರು ಐದೈದು ಹೆಸರು ಬರೆಯುತ್ತಾರೆ, ಸ್ಥಾನಕ್ಕೆ ತಕ್ಕಂತೆ 10, 7, 5, 3, 1 ಅಂಕ. ಮತ ಹಾಕುವುದು ಪ್ಲೇಆಫ್‌ಗೆ ಮೊದಲು. 2021ರಲ್ಲಿ ಯೋಕಿಚ್ 72ಕ್ಕೆ 72 ಪಂದ್ಯ ಆಡಿದ್ದರು, ಎಂಬೀಡ್ 51. ಫಲಿತಾಂಶ 971–586. ಅಲ್ಲಿ ಬಾಳಿಕೆಯೇ ತೀರ್ಪು ಕೊಟ್ಟಿತು, ಸರಿಯಾಗಿಯೇ ಕೊಟ್ಟಿತು. 2023ರ ಚಿತ್ರ ಬೇರೆ. ಎಂಬೀಡ್ 66 ಪಂದ್ಯ, ಯೋಕಿಚ್ 69, ಇನ್ನೊಬ್ಬ ಪೈಪೋಟಿಗಾರ ಯಾನಿಸ್ ಆಂಟೆಟೊಕುಂಪೊ 63. ಎಂಬೀಡ್ ಮತ್ತು ಯೋಕಿಚ್ ಆಡಿದ ನಿಮಿಷಗಳೂ ಹೆಚ್ಚುಕಡಿಮೆ ಸಮ. ಹಾಗಾಗಿ 2023ರ ವಾದಕ್ಕೆ "ಎಂಬೀಡ್ ಆಡುವುದೇ ಇಲ್ಲ" ಎಂಬ ಮಾತು ತರುವ ಹಾಗಿಲ್ಲ. ಆ ವರ್ಷ ಆಡಿದ್ದರು. 33.1 ಅಂಕದ ಸರಾಸರಿಯಲ್ಲಿ ಸತತ ಎರಡನೇ ವರ್ಷ ಅಂಕಗಳ ಪಟ್ಟಿಯಲ್ಲಿ ಮೊದಲಿಗರು. ಜೊತೆಗೆ 10.2 ರಿಬೌಂಡ್. ಯೋಕಿಚ್ 24.5 ಅಂಕ, 11.8 ರಿಬೌಂಡ್, 9.8 ಅಸಿಸ್ಟ್ (ಸಹ ಆಟಗಾರನಿಗೆ ಅಂಕ ತಂದ ಪಾಸ್). ಮೊದಲ ಸ್ಥಾನದ 100 ಮತಗಳಲ್ಲಿ 73 ಎಂಬೀಡ್‌ಗೆ ಬಿದ್ದವು.

ನನ್ನನ್ನು ಕೇಳಿದರೆ, ಆ ವರ್ಷ ನನ್ನ ಮತ ಯೋಕಿಚ್‌ಗೆ. ಎಲ್ಲವನ್ನೂ ಕೂಡಿಸಿ ನೋಡುವ ಬಹುತೇಕ ಸೂಚಿಗಳಲ್ಲಿ ಅವರೇ ಮುಂದಿದ್ದರು, ಚೆಂಡು ಹಂಚುವ ಸೆಂಟರ್ ಉಳಿದ ನಾಲ್ವರನ್ನೂ ಉತ್ತಮಗೊಳಿಸುತ್ತಾನೆ. ಎಂಬೀಡ್ ಇಲ್ಲದ ಪಂದ್ಯಗಳಲ್ಲಿ ಸಿಕ್ಸರ್ಸ್ ಆ ವರ್ಷ 11 ಗೆದ್ದು 5 ಸೋತಿದ್ದೂ ಒಂದು ಸಂಗತಿಯೇ. ಆದರೆ ಎಂಬೀಡ್‌ಗೆ ಕೊಟ್ಟದ್ದು ಅನ್ಯಾಯವಲ್ಲ. ರಕ್ಷಣೆಯಲ್ಲಿ ಬುಟ್ಟಿಯ ಮುಂದೆ ಅವರು ಕಟ್ಟುವ ಗೋಡೆ ಯೋಕಿಚ್ ಬಳಿ ಇಲ್ಲ. ಅದಕ್ಕೆ ಎಷ್ಟು ತೂಕ ಕೊಡುತ್ತೀರಿ ಎನ್ನುವುದರ ಮೇಲೆ ಮತ ತಿರುಗುತ್ತದೆ. "ಆಮೇಲೆ ಯೋಕಿಚ್ ಕಪ್ ಗೆದ್ದರಲ್ಲ" ಎಂಬ ವಾದವನ್ನು ಮಾತ್ರ ಬಿಡಿ. ಅದು ಜೂನ್ ತಿಂಗಳ ಸಂಗತಿ, ಮತ ಬಿದ್ದಾಗಿತ್ತು.

ಅವರ ಆಟದ ಎತ್ತರ ನೋಡಬೇಕಾದರೆ ಪ್ರಶಸ್ತಿಯ ವರ್ಷವನ್ನಲ್ಲ, ಅದರ ಮುಂದಿನ ವರ್ಷವನ್ನು ನೋಡಿ. 2023–24ರಲ್ಲಿ ಸರಾಸರಿ 33.6 ನಿಮಿಷಕ್ಕೆ 34.7 ಅಂಕ, ಅಂದರೆ ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು. ಹಿಂದೆ 1961–62ರಲ್ಲಿ ವಿಲ್ಟ್ ಚೇಂಬರ್ಲೇನ್ ಆ ಮಟ್ಟ ಮುಟ್ಟಿದ್ದರು. ಎಂಬೀಡ್ ಆಡಿದ 39 ಪಂದ್ಯಗಳಲ್ಲಿ ತಂಡ 31 ಗೆದ್ದಿತು. ಆಡದ 43ರಲ್ಲಿ ಗೆದ್ದದ್ದು 16. ನಿಮ್ಮ ತಮ್ಮನ ವಾದಕ್ಕೂ ನಿಮ್ಮ ವಾದಕ್ಕೂ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅದೇ ಒಂದು ಸಾಲು ಇಬ್ಬರ ಪರವಾಗಿಯೂ ಮಾತಾಡುತ್ತದೆ.

ಒಪ್ಪಂದದ ಮಾತು. 2017ರ ಅಕ್ಟೋಬರ್‌ನಲ್ಲಿ, ಬರೀ 31 ಪಂದ್ಯ ಆಡಿದ್ದ ಆಟಗಾರನಿಗೆ ತಂಡ ಐದು ವರ್ಷಕ್ಕೆ ಸುಮಾರು 14.8 ಕೋಟಿ ಡಾಲರ್ ಕೊಟ್ಟಿತು. ಆದರೆ ಅದರಲ್ಲಿ ಕಾವಲು ಇತ್ತು. ಪಾದ, ಬೆನ್ನಿನಂಥ ಹಳೆಯ ಜಾಗಗಳ ಗಾಯದಿಂದ 25 ಅಥವಾ ಹೆಚ್ಚು ಪಂದ್ಯ ತಪ್ಪಿ, ಋತುವಿನಲ್ಲಿ 1,650 ನಿಮಿಷವೂ ಆಡದೆ ಹೋದರೆ ಕಡಿಮೆ ಹಣಕ್ಕೆ ಬಿಡುಗಡೆ ಮಾಡುವ ಅವಕಾಶ ತಂಡಕ್ಕಿತ್ತು ಎಂದು ಆಗ ವರದಿಯಾಗಿತ್ತು. ಅಪಾಯವನ್ನು ಇಬ್ಬರೂ ಹಂಚಿಕೊಂಡ ಜಾಣ ಒಪ್ಪಂದ ಅದು, ಅದರಿಂದ ಸಿಕ್ಕ ಆಟವೂ ಹಣಕ್ಕಿಂತ ಹೆಚ್ಚಿನದು. 2024ರ ಸೆಪ್ಟೆಂಬರ್‌ನ ವಿಸ್ತರಣೆ, ಮೂರು ವರ್ಷಕ್ಕೆ ಸುಮಾರು 19.3 ಕೋಟಿ ಡಾಲರ್, 2028–29ರವರೆಗೆ. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಏಳು ತಿಂಗಳಷ್ಟೆ, ಹಳೆಯ ಒಪ್ಪಂದದಲ್ಲಿ ಇನ್ನೂ ಎರಡು ವರ್ಷ ಬಾಕಿಯಿತ್ತು. ಕಾಯಬಹುದಾಗಿದ್ದಾಗ ಕಾಯದೆ ಕೊಟ್ಟರು. ಇದನ್ನು ನಾನು ತಪ್ಪು ಎಂದೇ ಹೇಳುತ್ತೇನೆ. ಮುಂದಿನ ಋತುವಿನಲ್ಲಿ ಅವರು ಆಡಿದ್ದು 19 ಪಂದ್ಯ, ಫೆಬ್ರವರಿ 28ಕ್ಕೆ ತಂಡ ಅವರ ಋತು ಮುಗಿಯಿತೆಂದು ಘೋಷಿಸಿತು. ತಂಡದ ಲೆಕ್ಕ 24 ಗೆಲುವು, 58 ಸೋಲು. ಆ ವರ್ಷ ಒಂದು ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿ ಸುಮಾರು 14.06 ಕೋಟಿ ಡಾಲರ್, ಅವರೊಬ್ಬರದೇ 5.14 ಕೋಟಿ.

ಹಾಗಾದರೆ ಅವರನ್ನು ಇಟ್ಟುಕೊಂಡ ತಂಡಕ್ಕೆ ದಾರಿ ಏನು? ಮಾರಾಟ ಕಷ್ಟ. ಅಷ್ಟು ಸಂಬಳಕ್ಕೆ ಸಮನಾದ ಸಂಬಳ ಆ ಕಡೆಯಿಂದ ಬರಬೇಕು, ಮಂಡಿಯ ಸ್ಕ್ಯಾನ್ ನೋಡಿದ ಮೇಲೆ ಒಪ್ಪುವವರು ವಿರಳ. ಆಟ ಪೂರ್ತಿ ಅಸಾಧ್ಯವೆಂದು ವೈದ್ಯರು ತೀರ್ಮಾನಿಸಿದರೆ ಸಂಬಳವನ್ನು ಮಿತಿಯಿಂದ ಹೊರಗಿಡುವ ವ್ಯವಸ್ಥೆಯಿದೆ, ಮಯಾಮಿ ತಂಡಕ್ಕೆ ಕ್ರಿಸ್ ಬಾಶ್ ವಿಷಯದಲ್ಲಿ ಹಾಗಾಯಿತು. ಆದರೆ ಅದು ಆಟಗಾರನ ಬದುಕಿನ ಕೊನೆಯ ಬಾಗಿಲು, ಲೆಕ್ಕಪತ್ರದ ಉಪಾಯವಲ್ಲ. ಉಳಿದದ್ದು ಅಳೆದು ಆಡಿಸುವುದು: ಸತತ ಎರಡು ದಿನ ಆಡಿಸದಿರುವುದು, ನಿಮಿಷಗಳನ್ನು 28–30ಕ್ಕೆ ಕಟ್ಟುವುದು, ಊತ ನೋಡಿ ಮುಂದಿನ ದಿನ ತೀರ್ಮಾನಿಸುವುದು. ಇದರ ಬೆಲೆಯೂ ಇದೆ. ತಂಡ ಕೆಳಗಿನ ಸ್ಥಾನದಲ್ಲಿ ಪ್ಲೇಆಫ್‌ಗೆ ಹೋಗುತ್ತದೆ ಅಥವಾ ಹೋಗುವುದೇ ಇಲ್ಲ, ಪ್ರಶಸ್ತಿಯ ಮಾತು ಮುಗಿಯುತ್ತದೆ, ಲೀಗ್‌ನ ಕಣ್ಣೂ ಬೀಳುತ್ತದೆ. ಎಂಬೀಡ್ ಆರೋಗ್ಯದ ಬಗ್ಗೆ ಹೊಂದಿಕೆಯಿಲ್ಲದ ಹೇಳಿಕೆ ಕೊಟ್ಟದ್ದಕ್ಕೆ 2024ರ ಅಕ್ಟೋಬರ್‌ನಲ್ಲಿ ಸಿಕ್ಸರ್ಸ್‌ಗೆ 1 ಲಕ್ಷ ಡಾಲರ್ ದಂಡ ಬಿತ್ತು.

ವಿಶ್ರಾಂತಿ ಕೊಟ್ಟರೆ ಗಾಯ ಕಡಿಮೆಯಾಗುತ್ತದೆ ಎನ್ನುವುದಕ್ಕೆ ತನ್ನ ದತ್ತಾಂಶದಲ್ಲಿ ಆಧಾರ ಕಾಣಲಿಲ್ಲ ಎಂದು 2024ರ ಜನವರಿಯಲ್ಲಿ ಎನ್‌ಬಿಎ ವರದಿ ಹೊರಡಿಸಿತು. ಅದನ್ನು ಹಿಡಿದು "ಸುಮ್ಮನೆ ಆಡಿಸಿ" ಅನ್ನುವವರಿದ್ದಾರೆ. ಎಚ್ಚರವಿರಲಿ: ವಿಶ್ರಾಂತಿ ಪಡೆಯುವವರು ಮೊದಲೇ ನೋವಿರುವವರು. ಅವರನ್ನು ನೋವಿಲ್ಲದವರ ಜೊತೆ ಹೋಲಿಸಿದರೆ ವಿಶ್ರಾಂತಿ ನಿರುಪಯೋಗಿ ಎಂದೇ ಕಾಣುತ್ತದೆ. ಆರೋಗ್ಯವಂತ ಮಂಡಿಗೆ ವಿಶ್ರಾಂತಿಯ ಲಾಭ ಕಡಿಮೆ ಇರಬಹುದು, ಮೂರು ಬಾರಿ ಕತ್ತರಿ ಕಂಡ ಮಂಡಿಗೆ ಅದೇ ಮಾತು ಅನ್ವಯಿಸುವುದಿಲ್ಲ.

ಈಗ ನಿಮ್ಮ ಮಗಳ ಪಾದ. ಮೂರು ವಾರದ ನೋವು ಎಂದರೆ ಉಳುಕು ಎಂದು ಬಿಡುವ ಹಾಗಿಲ್ಲ. ಕಾಲಿನ ಗಿಣ್ಣಿನ ಮುಂದೆ, ಪಾದದ ಮೇಲ್ಭಾಗದ ನಡುವೆ, ತುಸು ಒಳಬದಿಗೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಒಂದೇ ಬಿಂದುವಿನಲ್ಲಿ "ಹಾ" ಅನ್ನುವಂತೆ ನೋಯುತ್ತದೆಯೇ? ಆಡುವಾಗ ನೋವು ಹೆಚ್ಚಿ, ಎರಡು ದಿನ ಬಿಟ್ಟರೆ ಮಾಯವಾಗಿ, ಮತ್ತೆ ಆಡಿದರೆ ಬರುತ್ತದೆಯೇ? ನ್ಯಾವಿಕ್ಯುಲರ್ ಬಿರುಕಿನ ನಡವಳಿಕೆ ಇದೇ. ಹಲವರಲ್ಲಿ ತಿಂಗಳುಗಟ್ಟಲೆ ಗೊತ್ತಾಗದೆ ಹೋಗಲು ಕಾರಣವೂ ಈ ಬಂದು ಹೋಗುವ ನೋವೇ. ಹಾಗೇ ಇದೆಯೋ ಎಂದು ನೋಡಲು ಒಂಟಿ ಕಾಲಲ್ಲಿ ಕುಪ್ಪಳಿಸಲು ಮಾತ್ರ ಹೇಳಬೇಡಿ, ಆ ಪರೀಕ್ಷೆ ವೈದ್ಯರಿಗೆ ಬಿಡಿ.

ಮೂಳೆ ಮತ್ತು ಕೀಲು ತಜ್ಞರ ಬಳಿ ಹೋದಾಗ ಎಕ್ಸ್‌ರೇ ಸರಿಯಾಗಿ ಬಂದರೆ ಸಮಾಧಾನ ಪಟ್ಟು ಮನೆಗೆ ಬರಬೇಡಿ. ಈ ಬಿರುಕು ಎಕ್ಸ್‌ರೇಯಲ್ಲಿ ಬಹಳ ಸಲ ಕಾಣುವುದೇ ಇಲ್ಲ. ಒತ್ತಿದಾಗ ಆ ಬಿಂದು ನೋಯುತ್ತಿದ್ದರೆ ಎಂಆರ್‌ಐ ಬೇಕೆಂದು ಕೇಳಿ. ಅದರಲ್ಲಿ ಬಿರುಕು ಕಂಡರೆ ಅದರ ಆಳ ತಿಳಿಯಲು ಸಿಟಿ ಸ್ಕ್ಯಾನ್. ಬಿರುಕು ಅರ್ಧಕ್ಕೇ ನಿಂತಿದ್ದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಪ್ಲಾಸ್ಟರ್ ಅಥವಾ ಬೂಟು ಹಾಕಿ, ಊರುಗೋಲಿನ ಮೇಲೆ, ಆ ಕಾಲಿಗೆ ಒಂದಿಷ್ಟೂ ಭಾರ ಬೀಳದಂತೆ ನೋಡಿಕೊಳ್ಳಬೇಕು. ಇಲ್ಲೇ ಎಲ್ಲರೂ ತಪ್ಪುವುದು. ನೋವಿಲ್ಲವಲ್ಲ ಎಂದು ಮೂರನೇ ವಾರಕ್ಕೆ ಬೂಟಿನಲ್ಲಿ ನಡೆಯಲು ಶುರು ಮಾಡುತ್ತಾರೆ, ಮೂಳೆ ಕೂಡದೆ ಉಳಿಯುತ್ತದೆ. ಬಿರುಕು ಪೂರ್ತಿ ಇಬ್ಭಾಗ ಮಾಡಿದ್ದರೆ ಅಥವಾ ಜರುಗಿದ್ದರೆ ಸ್ಕ್ರೂ ಹಾಕುವ ಮಾತು ಬರುತ್ತದೆ. ಎರಡರಲ್ಲೂ ಪಂದ್ಯಕ್ಕೆ ಮರಳಲು ನಾಲ್ಕರಿಂದ ಆರು ತಿಂಗಳು ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಿ. ನೋವಿನ ಮಾತ್ರೆ ನುಂಗಿಸಿ ಯಾವ ಟೂರ್ನಿಯನ್ನೂ ಆಡಿಸಬೇಡಿ.

ವೈದ್ಯರ ಬಳಿ ಹೋಗುವಾಗ ಎರಡು ವಿಷಯ ಬರೆದುಕೊಂಡು ಹೋಗಿ. ಕಳೆದ ಎರಡು ತಿಂಗಳಲ್ಲಿ ಶಾಲೆ, ಕ್ಲಬ್, ಆಯ್ಕೆ ಶಿಬಿರ ಎಲ್ಲ ಸೇರಿ ವಾರಕ್ಕೆ ಎಷ್ಟು ಗಂಟೆ ಆಡಿದಳು, ಅದರಲ್ಲಿ ಸಿಮೆಂಟ್ ಅಂಕಣದ ಮೇಲೆ ಎಷ್ಟು ಎಂಬುದು ಒಂದು. ಪ್ರತಿ ಕೋಚ್‌ಗೂ ತನ್ನ ಅಭ್ಯಾಸದ ಲೆಕ್ಕವಷ್ಟೇ ಗೊತ್ತಿರುತ್ತದೆ, ಒಟ್ಟು ಲೆಕ್ಕ ಮನೆಯವರೇ ಇಡಬೇಕು. ಎರಡನೆಯದು, ಮುಟ್ಟು ಕ್ರಮವಾಗಿ ಆಗುತ್ತಿದೆಯೇ, ಊಟ ಸಾಕಷ್ಟು ಮಾಡುತ್ತಾಳೆಯೇ ಎಂಬುದು. ಆಡುವ ಹುಡುಗಿಯರಲ್ಲಿ ಆಟಕ್ಕೆ ತಕ್ಕಷ್ಟು ಊಟವಿಲ್ಲದೆ ಮುಟ್ಟು ತಪ್ಪಿದರೆ ಮೂಳೆ ಸಡಿಲವಾಗುತ್ತದೆ, ಆಗ ಎಷ್ಟು ಚಿಕಿತ್ಸೆ ಕೊಟ್ಟರೂ ಬಿರುಕು ಮರಳಿ ಬರುತ್ತದೆ. ಇದನ್ನು ಕೇಳಲು ತಂದೆಗೆ ಮುಜುಗರವಾದರೆ ತಾಯಿಯೋ ಅತ್ತೆಯೋ ಚಿಕ್ಕಮ್ಮನೋ ಕೇಳಲಿ, ಕೇಳದೆ ಮಾತ್ರ ಬಿಡಬೇಡಿ. ಜೊತೆಗೆ ವಿಟಮಿನ್ ಡಿ ರಕ್ತಪರೀಕ್ಷೆ ಮಾಡಿಸಿ. ಈ ವಯಸ್ಸಿಗೆ ದಿನಕ್ಕೆ 1,300 ಮಿಲಿಗ್ರಾಂವರೆಗೆ ಕ್ಯಾಲ್ಸಿಯಂ ಬೇಕಾಗುತ್ತದೆ. ರಾಗಿ, ಹಾಲು, ಮೊಸರು, ಎಳ್ಳು ತಟ್ಟೆಯಲ್ಲಿ ದಿನವೂ ಇರಲಿ. ಪ್ಲಾಸ್ಟರ್ ಬಿಚ್ಚಿದ ಮೇಲೂ ಆ ಬಿಂದುವನ್ನು ಒತ್ತಿದರೆ ನೋಯುತ್ತಿದ್ದರೆ, ಕ್ಯಾಲೆಂಡರ್ ಏನೇ ಹೇಳಲಿ, ಅವಳನ್ನು ಹಾರಿಸಬೇಡಿ.